ನೀವು ಯಾರಿಗೆ ನಡಕೋತೀರಿ?

ಹೋದ ದೀಪಾವಳಿಗೆ ಅಕ್ಕನ ಮಗಳು ಬೆಂಗಳೂರಿನಿಂದ ಬಂದಿದ್ದಳು. ಅಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ರಾತ್ರಿ ಊಟಕ್ಕೆ ಕೂತಾಗ ನಮ್ಮವ್ವ ಕೇಳಿದಳು, "ನಾಳೆ ಮಂಗಳವಾರ ಐತಿ, ಹುಲಿಗಿಗೆ ಹೋಗಿ ಬರೂಣೇನವಾ?" ಹುಡುಗಿ ಫೋನಿನಿಂದ ತಲೆ ಎತ್ತದೆ, "ಅಮ್ಮಾ, ನಂಗ ದೇವ್ರ ಮ್ಯಾಲೆ ನಂಬಿಕಿ ಇಲ್ಲ" ಅಂದಳು. (ಹುಲಿಗಿ ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಹುಲಿಗೆಮ್ಮ ದೇವಿಯ ಗುಡಿ ಇರುವ ಊರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜಿಗೆ ಅಮ್ಮ ಅಂತಲೇ ಕರೆಯೋದು.) ಅನ್ನ ಕಲಸುತ್ತಿದ್ದ ನಾನು ಕೈ ನಿಲ್ಲಿಸಿದೆ. ಈಗ ಏನೋ ಒಂದು ಆಗುತ್ತೆ ಅಂದುಕೊಂಡೆ. ಏನೂ ಆಗಲಿಲ್ಲ. ಅವ್ವ ಅವಳ ತಾಟಿಗೆ ಇನ್ನೊಂದು ಸೌಟು ಸಾರು ಹಾಕುತ್ತಾ, "ಇರ್ಲಿ ತಗೋ. ಕಾಯಿ ಚೀಲ ಹಿಡ್ಯಾಕ ಯಾರರ ಬೇಕಲ್ಲ" ಅಂದಳು.

ಮರುದಿನ ಹುಡುಗಿ ಹೋದಳು. ಚೀಲ ಹಿಡಿದಳು. ಹೊಳೆಗೆ ಇಳಿದು ಕಾಲು ತೊಳೆದಳು. ಎರಡು ತಾಸು ಸಾಲಿನಲ್ಲಿ ನಿಂತು, ಮುಂದಿದ್ದ ಬಾಣಂತಿಯ ಕೂಸನ್ನು ಅರ್ಧ ತಾಸು ಎತ್ತಿಕೊಂಡು, ಹಣೆತುಂಬ ಭಂಡಾರ ಹಚ್ಚಿಸಿಕೊಂಡು ಬಂದಳು. ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಕೆಣಕಿದೆ. "ಏನವಾ, ನಂಬಿಕಿ ಬಂತೇನು?" "ಇಲ್ಲ ಮಾಮಾ. ಆದ್ರ ಚೊಲೋ ಅನಿಸ್ತು" ಅಂದಳು.

ಆಗಿನಿಂದ ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತಿದೆ. ದೇವರು-ಧರ್ಮದ ನಂಬಿಕೆ ಮುಂದೆ ಉಳಿಯುತ್ತೋ ಇಲ್ಲವೋ ಅಂತ ದೊಡ್ಡವರು ಚರ್ಚೆ ಮಾಡ್ತಾರಲ್ಲ, ಆ ಲೆಕ್ಕದಲ್ಲಿ ಈ ಹುಡುಗಿಯನ್ನು ಯಾವ ಕಡೆ ಕೂರಿಸೋದು?

ಯೋಚನೆ ಮಾಡಿದರೆ, ನಮ್ಮ ಮನೆಯಲ್ಲಿ ದೇವರ ವಿಷಯಕ್ಕೆ 'ನಂಬಿಕೆ' ಅನ್ನೋ ಪದ ಬಳಸಿದ್ದನ್ನು ನಾನು ಕೇಳಿದ್ದೇ ಕಡಿಮೆ. ನಂಬಿಕೆ ಅನ್ನೋದು ಕೈಗಡ ಕೊಡುವಾಗ ಬೇಕಾಗೋದು. ದೇವರಿಗೆ ಬೇರೆ ಮಾತಿದೆ. ನಡಕೊಳ್ಳೋದು. "ನಾವು ಹುಲಿಗೆಮ್ಮಗ ನಡಕೋತೀವಿ" ಅಂತಾರೆ. ಸಂಬಂಧ ಮಾಡಲು ಬಂದವರು ಕೇಳೋದೂ ಅದನ್ನೇ, ನಿಮ್ಮ ಮನೆದೇವರು ಯಾರು, ಯಾರಿಗೆ ನಡಕೋತೀರಿ? ನಡಕೊಳ್ಳೋದು ಅಂದರೆ ವರ್ಷಕ್ಕೊಮ್ಮೆ ಹೋಗೋದು, ಹರಕೆ ತೀರಿಸೋದು, ಇಂಥ ದಿನ ಇಂಥದ್ದು ಅಡುಗೆ ಮಾಡಿ ನಾಲ್ಕು ಮನೆಗೆ ಕೊಡೋದು, ಇಂಥ ದಿನ ಇಂಥದ್ದು ತಿನ್ನದೇ ಇರೋದು. ಮನಸ್ಸಿನೊಳಗೆ ಏನಿದೆ ಅಂತ ಯಾರೂ ಕೇಳೋದಿಲ್ಲ.

ಸಮೀಕ್ಷೆಯವರು ಕೇಳೋದು ಮನಸ್ಸಿನೊಳಗಿಂದೇ. ಪ್ಯೂ ರಿಸರ್ಚ್ ಸೆಂಟರ್ ಅಂತ ಅಮೆರಿಕದ ಒಂದು ಸಂಸ್ಥೆ ಇದೆ. 2019ರ ಕೊನೆ ಮತ್ತು 2020ರ ಶುರುವಿನಲ್ಲಿ ಅವರು ಭಾರತದ ಸುಮಾರು 30 ಸಾವಿರ ಜನರನ್ನು ಮಾತಾಡಿಸಿದರು. ದೇವರನ್ನು ನಂಬುತ್ತೇವೆ ಅಂದವರು ನೂರಕ್ಕೆ 97. ನಮ್ಮ 2011ರ ಜನಗಣತಿ ನೋಡಿ, 121 ಕೋಟಿ ಜನರಲ್ಲಿ ನಾಸ್ತಿಕ ಅಂತ ಬರೆಸಿದವರು ಬರೀ 33 ಸಾವಿರದಷ್ಟು. ಒಂದು ಹುಣ್ಣಿಮೆಗೆ ಹುಲಿಗಿಯಲ್ಲಿ ಅದಕ್ಕಿಂತ ಜಾಸ್ತಿ ಜನ ಸೇರ್ತಾರೆ. ಆ ಸಮೀಕ್ಷೆಯವರು ನಮ್ಮವ್ವನ ಹತ್ತಿರ ಬಂದು "ದೇವರನ್ನು ನಂಬುತ್ತೀರಾ" ಅಂತ ಕೇಳಿದ್ದರೆ, "ಯಾಕಪಾ, ಅಕಿ ಏನರ ಸಾಲ ಕೇಳ್ಯಾಳೇನು?" ಅಂತಿದ್ದಳು.

ಹೊರಗಿನ ದೇಶಗಳ ಲೆಕ್ಕ ಬೇರೆ. ಇಂಗ್ಲೆಂಡ್ ಮತ್ತು ವೇಲ್ಸಿನ 2021ರ ಜನಗಣತಿಯಲ್ಲಿ ಕ್ರಿಶ್ಚಿಯನ್ ಅಂತ ಬರೆಸಿದವರು ಮೊದಲ ಸಲ ಅರ್ಧಕ್ಕಿಂತ ಕಡಿಮೆಯಾದರು, ಶೇಕಡಾ 46.2. ಯಾವ ಧರ್ಮವೂ ಇಲ್ಲ ಅಂದವರು ಶೇಕಡಾ 37.2. ಅಮೆರಿಕದಲ್ಲಿ ಕ್ರಿಶ್ಚಿಯನ್ನರು 2007ರಲ್ಲಿ ನೂರಕ್ಕೆ 78 ಇದ್ದವರು 2023-24ಕ್ಕೆ 62 ಆದರು. ಇದನ್ನೆಲ್ಲ ನೋಡಿದವರಿಗೆ ಓದು, ವಿಜ್ಞಾನ, ದುಡ್ಡು ಬಂದ ಹಾಗೆ ದೇವರು ಹೋಗ್ತಾನೆ ಅನಿಸೋದು ಸಹಜ. ಜರ್ಮನಿಯ ಮ್ಯಾಕ್ಸ್ ವೆಬರ್ ನೂರು ವರ್ಷದ ಹಿಂದೆಯೇ, ಜಗತ್ತಿನ ಮೇಲಿದ್ದ ಮಾಯೆ ಕಳಚಿ ಬೀಳ್ತಿದೆ ಅನ್ನೋ ಅರ್ಥದ ಮಾತು ಹೇಳಿದ್ದ. ಪೀಟರ್ ಬರ್ಗರ್ ಅನ್ನೋ ಸಮಾಜಶಾಸ್ತ್ರಜ್ಞ 1968ರಲ್ಲಿ, 21ನೇ ಶತಮಾನದ ಹೊತ್ತಿಗೆ ಭಕ್ತರು ಅಲ್ಲೊಂದು ಇಲ್ಲೊಂದು ಸಣ್ಣ ಗುಂಪಾಗಿ ಉಳೀತಾರೆ ಅಂದ. ಅದೇ ಬರ್ಗರ್ 1990ರ ದಶಕ ಮುಗಿಯುವಷ್ಟರಲ್ಲಿ, ನಾನು ಹೇಳಿದ್ದು ತಪ್ಪಾಯಿತು, ಜಗತ್ತು ಮೊದಲಿನಷ್ಟೇ ಧಾರ್ಮಿಕವಾಗಿದೆ ಅಂತ ಒಪ್ಪಿಕೊಂಡ. ಹೇಳಿದ್ದು ತಪ್ಪು ಅಂತ ಬಹಿರಂಗವಾಗಿ ಒಪ್ಪುವ ಪಂಡಿತರು ಕಡಿಮೆ. ಅದಕ್ಕಾಗಿಯೇ ಅವನ ಮೇಲೆ ನನಗೆ ಗೌರವ.

ಇನ್ನೊಂದು ವಾದ ಇದೆ, ಅದು ನನಗೆ ಹೆಚ್ಚು ಹಿಡಿಸಿದ್ದು. ಪಿಪ್ಪಾ ನಾರಿಸ್, ರೊನಾಲ್ಡ್ ಇಂಗಲ್‌ಹಾರ್ಟ್ ಅನ್ನೋ ಇಬ್ಬರು ಹೇಳಿದ್ದು. ಧರ್ಮವನ್ನು ಕಡಿಮೆ ಮಾಡೋದು ವಿಜ್ಞಾನ ಅಲ್ಲ, ಭದ್ರತೆ. ನಾಳೆ ಊಟ ಇದೆ, ಕಾಯಿಲೆಗೆ ಆಸ್ಪತ್ರೆ ಇದೆ, ಮುಪ್ಪಿಗೆ ಪಿಂಚಣಿ ಇದೆ ಅಂದಾಗ ಮನುಷ್ಯ ದೇವರ ಬಾಗಿಲು ಬಡಿಯೋದು ಕಡಿಮೆ ಮಾಡ್ತಾನೆ. ಮಳೆ ನಂಬಿ ಬಿತ್ತುವ ನಮ್ಮ ಯಲಬುರ್ಗಾ, ಕುಷ್ಟಗಿ ಸೀಮೆಯವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ.

ಆದರೆ ನಾನು ತಿಂಗಳ ಸಂಬಳದವನು. ಗಿಣಿಗೇರಿ ಕಡೆಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ತೀನಿ. ಪಿಎಫ್ ಇದೆ, ಇಎಸ್ಐ ಇದೆ. ನಮ್ಮಲ್ಲಿ ನಿಂಬೆಹಣ್ಣು ಇಲ್ಲದೆ ಒಂದು ಪ್ಯಾನಲ್ ಚಾಲೂ ಆಗೋದಿಲ್ಲ.

ಎರಡು ವರ್ಷದ ಕೆಳಗೆ ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸಿದ್ದೆವು. ಮೆಗ್ಗರ್ ಹಾಕಿ ಇನ್ಸುಲೇಷನ್ ನೋಡಿಯಾಗಿತ್ತು. ಎಣ್ಣೆ ಪರೀಕ್ಷೆ, ರಿಲೇ ಪರೀಕ್ಷೆ ಎಲ್ಲ ಮುಗಿದಿತ್ತು. ಹೊರಗಿನಿಂದ ಬಂದ ಇಂಜಿನಿಯರ್ ಎಲ್ಲ ಹಾಳೆಗೂ ಸಹಿ ಮಾಡಿ, ಬ್ರೇಕರ್ ಹತ್ತಿರ ಹೋಗಿ, ಹಿಂದೆ ತಿರುಗಿ "ನಾರಿಯಲ್ ಕಹಾಂ ಹೈ?" ಅಂದ. ಕಾಯಿ ತಂದಿರಲಿಲ್ಲ! ಹುಡುಗನೊಬ್ಬ ಬೈಕ್ ಹತ್ತಿ ಗಿಣಿಗೇರಿಗೆ ಓಡಿದ. ಮುಕ್ಕಾಲು ತಾಸು ಇಡೀ ಲೈನ್ ನಿಂತಿತ್ತು. ಐದು ನಿಮಿಷ ತಡವಾದರೆ ಕಾರಣ ಬರೆದುಕೊಡು ಅನ್ನುವ ನಮ್ಮ ಪ್ರೊಡಕ್ಷನ್ ಸಾಹೇಬರು ಅವತ್ತು ತುಟಿ ಬಿಚ್ಚಲಿಲ್ಲ. ಕಾಯಿ ಬಂತು. ಊದಿನಕಡ್ಡಿ ಹಚ್ಚಿದರು. ಯಾರೂ ಚಪ್ಪಲಿ ಬಿಡಲಿಲ್ಲ ನೋಡಿ, ಸೇಫ್ಟಿ ಶೂ, ಬಿಡುವ ಹಾಗಿಲ್ಲ. ಹೆಲ್ಮೆಟ್ ಮಾತ್ರ ತೆಗೆದು ಕೈ ಮುಗಿದೆವು. ಆ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆ ಸುಮ್ಮನಿದ್ದ ಹೊತ್ತಿನಲ್ಲೇ ಹಿಂದಿದ್ದ ಒಬ್ಬ ಹೆಲ್ಪರ್ ಮೆಲ್ಲಗೆ, "ಸರ, ಆ ಕಡಿ ಅರ್ಥಿಂಗ್ ತಗದೀವೇನ್ರಿ?" ಅಂದ.

ತೆಗೆದಿರಲಿಲ್ಲ.

ಕೆಲಸ ಮಾಡುವಾಗ ಶಾಕ್ ಹೊಡೆಯದಿರಲಿ ಅಂತ ಲೈನನ್ನು ನೆಲಕ್ಕೆ ಕಟ್ಟಿರ್ತೀವಿ, ಕರೆಂಟು ಬಿಡುವ ಮೊದಲು ಆ ಅರ್ಥಿಂಗ್ ತೆಗೆಯಲೇಬೇಕು. ಹಾಗೇ ಇಟ್ಟು ಬ್ರೇಕರ್ ಹಾಕಿದ್ದರೆ ದೊಡ್ಡ ಶಾರ್ಟ್ ಸರ್ಕ್ಯೂಟ್ ಆಗ್ತಿತ್ತು, ಅದರ ಮುಂದೆ ನಿಂತವರ ಗತಿ ಕರೆಂಟಿನ ಕೆಲಸ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಕಾಯಿ ನಮ್ಮನ್ನು ಉಳಿಸಿತು ಅಂತ ಕ್ಯಾಂಟೀನಿನಲ್ಲಿ ವಾರಗಟ್ಟಲೆ ಮಾತಾಯಿತು. ನಾನು ಹಾಗೆ ಅನ್ನೋದಿಲ್ಲ. ಎಲ್ಲರನ್ನೂ ಒಂದು ನಿಮಿಷ ಸುಮ್ಮನೆ ನಿಲ್ಲಿಸುವ ತಾಕತ್ತು ನಮ್ಮ ಯಾವ ಚೆಕ್‌ಲಿಸ್ಟಿಗೂ ಇಲ್ಲ, ಕಾಯಿಗೆ ಇದೆ. ಇಷ್ಟನ್ನು ಮಾತ್ರ ಹೇಳ್ತೀನಿ.

2024ರ ಆಗಸ್ಟ್ 10ರ ರಾತ್ರಿಯೂ ನೆನಪಾಗುತ್ತೆ. ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತು. ಡ್ಯಾಮು ತುಂಬಿ ನಿಂತಿದ್ದ ಕಾಲ. ಬೆಳಗಾಗುವಷ್ಟರಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಯ ರೈತರ ಎದೆ ಒಡೆದಿತ್ತು. ನೀರು ಹೀಗೇ ಹೋದರೆ ಎರಡನೇ ಬೆಳೆ ಎಲ್ಲಿ? ನಮ್ಮ ಮಾವನ ಮನೆಯವರು ಗಂಗಾವತಿ ಕಡೆ ಭತ್ತ ಬೆಳೆಯೋರು, ಅವರ ಫೋನು ನಿಲ್ಲಲೇ ಇಲ್ಲ. ಅವ್ವ ಹಳದಿ ಬಟ್ಟೆಯಲ್ಲಿ ಒಂದು ರೂಪಾಯಿ ಕಟ್ಟಿ ದೇವರ ಮುಂದೆ ಇಟ್ಟಳು. ಹುಲಿಗೆಮ್ಮನ ಗುಡಿ ಡ್ಯಾಮಿಗೆ ಹತ್ತಿರವೇ, ಹೊಳೆ ದಂಡೆಗೆ. "ಅಕಿ ಬಾಗಿಲ ಮುಂದ ಆಗ್ಯದ, ಅಕಿ ನೋಡ್ಲಾರದ ಇರ್ತಾಳೇನು" ಅಂತ ಅವ್ವನ ವಾದ. ಆ ವಾರ ಕನ್ನಯ್ಯ ನಾಯ್ಡು ಅನ್ನೋ ವಯಸ್ಸಾದ ಗೇಟ್ ತಜ್ಞರು ಬಂದರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗಕ್ಕೆ ಅಡ್ಡ ಕೂರಿಸುವ ಕಬ್ಬಿಣದ ತಡೆ, ಇಳಿಸೋದು ಅಂದರೆ ಹುಡುಗಾಟ ಅಲ್ಲ. ಇಳಿಸಿದರು. ನೀರು ನಿಂತಿತು. ಅವ್ವ ಟಿವಿ ಮುಂದೆ ಕೂತು ಅವರಿಗೂ ಕೈ ಮುಗಿದಳು, ಮುಂದಿನ ಶುಕ್ರವಾರ ಹುಲಿಗಿಗೆ ಹೋಗಿ ಹರಕೆಯನ್ನೂ ತೀರಿಸಿದಳು. ಯಾರು ಉಳಿಸಿದ್ದು ಹೇಳು ಅಂತ ಕೇಳಿದೆ. "ಅಕಿ ಕಳಿಸಿದ್ಲು, ಅವ್ರು ಬಂದ್ರು." ವಿಜ್ಞಾನಕ್ಕೂ ಧರ್ಮಕ್ಕೂ ಜಗಳ ಅಂತ ಪುಸ್ತಕಗಳಲ್ಲಿ ಓದಿದ್ದೀನಿ. ನಮ್ಮ ಅಡುಗೆಮನೆಯಲ್ಲಿ ಆ ಜಗಳ ಇನ್ನೂ ಶುರುವೇ ಆಗಿಲ್ಲ.

ಹಾಗಾದರೆ ಎಲ್ಲ ಮೊದಲಿನ ಹಾಗೇ ಇದೆ, ಹೀಗೇ ಇರುತ್ತೆ ಅಂತ ಹೇಳ್ತಿದ್ದೀನಾ? ಇಲ್ಲ. ಜನ ಕಡಿಮೆಯಾಗ್ತಿಲ್ಲ, ನಿಜ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲಂತೂ ಮಂಗಳವಾರ, ಶುಕ್ರವಾರ ಹುಲಿಗಿ ಕಡೆಯ ಬಸ್ಸಿನಲ್ಲಿ ಕಾಲಿಡಲು ಜಾಗ ಇಲ್ಲ. ಹಿಂದೆ ವರ್ಷಕ್ಕೊಮ್ಮೆ ಗಂಡನ ಜೇಬು ನೋಡಿ ಹೋಗ್ತಿದ್ದ ಹೆಂಗಸರು ಈಗ ಆಧಾರ್ ಕಾರ್ಡ್ ತೋರಿಸಿ ಬೇಕಾದಾಗ ಹೋಗ್ತಾರೆ. ಹನುಮ ಹುಟ್ಟಿದ್ದು ಇಲ್ಲೇ ಅಂತ ನಾವು ಹೇಳುವ ಅಂಜನಾದ್ರಿ ಬೆಟ್ಟ ನೋಡಿ. ನಾವು ಹುಡುಗರಿದ್ದಾಗ ಆ 575 ಮೆಟ್ಟಿಲು ಹತ್ತಿದರೆ ಮೇಲೆ ಒಬ್ಬ ಬಾಬಾ, ನಾಲ್ಕು ಮಂಗ್ಯಾ, ಗಾಳಿ. ಈಗ ಡಿಸೆಂಬರಿನಲ್ಲಿ ಹನುಮಮಾಲೆ ಹಾಕಿದವರು ಬಂದರೆ ಬೆಟ್ಟವೇ ಕೇಸರಿ. 2021ರಲ್ಲಿ ತಿರುಪತಿಯವರು ಹನುಮ ಹುಟ್ಟಿದ್ದು ತಮ್ಮ ಬೆಟ್ಟದಲ್ಲಿ ಅಂದಾಗ ಇಲ್ಲಿ ಎಷ್ಟು ಸಿಟ್ಟು ಬಂತು! ಆಂಜನೇಯನಿಗೂ ಜನನ ಪ್ರಮಾಣಪತ್ರ ಬೇಕಾದ ಕಾಲ. ನನಗೂ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

ಜನ ಹೆಚ್ಚಾಗ್ತಿದ್ದಾರೆ. ಆದರೆ ಇನ್ನೇನೋ ಕಡಿಮೆಯಾಗ್ತಿದೆ. ಅದು ಗೊತ್ತಾಗಿದ್ದು ನಮ್ಮೂರ ಅಲಾಯಿ ಕುಣಿಯಿಂದ, ಮೊಹರಂನಲ್ಲಿ ಬೆಂಕಿ ಹಾಕಿ ಸುತ್ತ ಹೆಜ್ಜೆ ಹಾಕುವ ಗುಂಡಿ ಅದು.

ನಮ್ಮೂರಲ್ಲಿ ಮುಸ್ಲಿಮರ ಮನೆ ಒಂದೂ ಇಲ್ಲ. ಆದರೂ ಮೊಹರಂ ನಮ್ಮೂರಿನ ದೊಡ್ಡ ಹಬ್ಬ. ಈ ಮೂರು ಜಿಲ್ಲೆಯವರಿಗೆ ಇದು ಆಶ್ಚರ್ಯ ಅಲ್ಲ. ಮುದಗಲ್ಲಿನ ಮೊಹರಂ ನೋಡಲು ಎಲ್ಲೆಲ್ಲಿಂದಲೋ ಬರ್ತಾರೆ. ಬೇರೆ ಕಡೆಯವರಿಗೆ ಹೇಳಿದರೆ ನಂಬೋದಿಲ್ಲ. ಪಕ್ಕದೂರಿನ ಮುಲ್ಲಾ ಬಂದು ದೇವರು, ಅಂದರೆ ಲೋಹದ ಪಂಜಾ, ಕೂರಿಸ್ತಿದ್ದರು. ಉಳಿದದ್ದೆಲ್ಲ ನಮ್ಮವರದೇ. ಕುಣಿ ತೋಡೋರು ಒಂದು ಮನೆಯವರು, ಕಟ್ಟಿಗೆ ಕೊಡೋರು ಇನ್ನೊಂದು ಮನೆಯವರು. ದೇವರು ಹೊರೋದು ನಮ್ಮಜ್ಜನ ಪಾಲು. ನಾನು ಹುಟ್ಟಿ ಆರು ತಿಂಗಳಿಗೆ ಏನೋ ಕಾಯಿಲೆ ಬಿದ್ದಿದ್ದೆನಂತೆ, ಅಜ್ಜ ಹರಕೆ ಹೊತ್ತಿದ್ದ. ಅದಕ್ಕೆ ಎಂಟು ವರ್ಷದವನಿದ್ದಾಗ ನನ್ನನ್ನು ಫಕೀರ ಮಾಡಿದರು. ಕೊರಳಿಗೆ ಕೆಂಪು ಲಾಡಿ, ಕೈಯಲ್ಲಿ ಜೋಳಿಗೆ. ಮನೆಮನೆಗೆ ಹೋಗಿ ಬೇಡಬೇಕು. ಗೌಡರ ಮನೆಯಲ್ಲೂ ಬೇಡಿದೆ, ಕೇರಿಯಲ್ಲೂ ಬೇಡಿದೆ. ಅಂಬಲಿ ಕೊಟ್ಟರೂ ಕುಡಿಯಬೇಕು, ಬ್ಯಾಡ ಅನ್ನಂಗಿಲ್ಲ ಅಂತ ಅಜ್ಜ ತಾಕೀತು ಮಾಡಿದ್ದ. ಐದು ದಿನ. ಯಾವ ಮನೆಯ ಒಳಗೆ ಎಷ್ಟು ಕತ್ತಲೆ ಇದೆ ಅಂತ ನನಗೆ ಗೊತ್ತಾಗಿದ್ದು ಆ ಐದು ದಿನದಲ್ಲಿ. ಅವ್ವ ಚೊಂಗೆ ಮಾಡ್ತಿದ್ದಳು, ಸಕ್ಕರೆ ಓದಿಸಿ ತರ್ತಿದ್ದಳು. ರಾತ್ರಿ ಬೆಂಕಿಯ ಸುತ್ತ ಹೆಜ್ಜೆ ಹಾಕುವಾಗ ಹಿರಿಯರು ಹಸನ್-ಹುಸೇನರ ಕತೆ ಕಟ್ಟಿದ ರಿವಾಯತ್ ಪದ ಹಾಡೋರು. ಹುಸೇನರು ಸತ್ತ ಕರ್ಬಲಾ ಎಲ್ಲಿದೆ ಅಂತ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೀರಿಲ್ಲದೆ ಸತ್ತರು ಅನ್ನೋ ಸಾಲು ಬಂದಾಗ ಮಾತ್ರ ದನಿ ನಡುಗೋದು. ಬರದ ನಾಡಿನವರಿಗೆ ನೀರಿನ ಕತೆ ಯಾರದ್ದಾದರೂ ತಮ್ಮದೇ.

ಐದಾರು ವರ್ಷದ ಹಿಂದೆ ಆ ಕುಣಿಯ ಮೇಲೆ ಸಿಸಿ ರಸ್ತೆ ಬಂತು. ಯಾರೂ ಹಬ್ಬ ಬೇಡ ಅನ್ನಲಿಲ್ಲ. ಯಾರೂ ಜಗಳ ಮಾಡಲಿಲ್ಲ. ಕಾಂಟ್ರಾಕ್ಟರನಿಗೆ ಅಲ್ಲೊಂದು ಕುಣಿ ಇತ್ತು ಅಂತ ಹೇಳಬೇಕಾದವರು ಅವತ್ತು ಊರಲ್ಲಿ ಇರಲಿಲ್ಲ, ಅಷ್ಟೇ. ಮುಂದಿನ ವರ್ಷ ರಸ್ತೆ ಪಕ್ಕ ಒಂದು ಕಬ್ಬಿಣದ ಬಾಣಲೆಯಲ್ಲಿ ಬೆಂಕಿ ಹಾಕಿದರು. ಅದರ ಮುಂದಿನ ವರ್ಷ ಅದೂ ಇಲ್ಲ. ಹಲಗೆ ಬಾರಿಸೋ ಹುಡುಗರು ಬೆಂಗಳೂರಿಗೆ ದುಡಿಯಲು ಹೋಗಿದ್ದರು. ಉಳಿದ ಹುಡುಗರಿಗೆ ಗಣಪತಿ ಇದೆ, ಡಿಜೆ ಇದೆ, "ಅದು ನಮ್ಮ ಹಬ್ಬ ಅಲ್ಲ" ಅನ್ನೋ ಹೊಸ ತಿಳಿವಳಿಕೆ ಬೇರೆ ಇದೆ. ಇವರ ಭಕ್ತಿ ಏನೂ ಕಡಿಮೆ ಇಲ್ಲ. ನಮ್ಮಜ್ಜನಿಗಿಂತ ಜಾಸ್ತಿಯೇ ಇರಬಹುದು. ಬೈಕಿನ ಮೇಲೆ ದೇವರ ಸ್ಟಿಕ್ಕರ್, ಸ್ಟೇಟಸ್ಸಿನಲ್ಲಿ ದೇವರು, ಅಂಗಿಯ ಮೇಲೆ ದೇವರು. ಅಜ್ಜನ ಹತ್ತಿರ ಒಂದು ಫೋಟೋ ಕೂಡ ಇರಲಿಲ್ಲ. ಆದರೆ ಅಜ್ಜ ನಡಕೊಂಡ. ಇವರು ತೋರಿಸ್ತಾರೆ.

ಇದನ್ನು ಬರೆದ ಮೇಲೆ ನನಗೇ ಅನುಮಾನ ಬಂತು. ಹಳೆಯದನ್ನೆಲ್ಲ ಚೆಂದ ಮಾಡಿ ಹೇಳ್ತಿದ್ದೀನಾ? ನಡಕೊಳ್ಳೋದರಲ್ಲಿ ಕೊಳಕೂ ಇತ್ತು. ದೇವರ ಹೆಸರಲ್ಲಿ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿ ಬಿಡುತ್ತಿದ್ದದ್ದೂ ನಡಕೊಳ್ಳೋದೇ ಆಗಿತ್ತು. ಅದಕ್ಕೆ 1982ರಲ್ಲಿ ಕಾಯ್ದೆಯೇ ಬರಬೇಕಾಯಿತು. ಎಂಜಲೆಲೆಯ ಮೇಲೆ ಉರುಳುವುದನ್ನು ನಿಲ್ಲಿಸಲು 2017ರ ಇನ್ನೊಂದು ಕಾಯ್ದೆ ಬೇಕಾಯಿತು. 2021ರಲ್ಲಿ ನಮ್ಮದೇ ಜಿಲ್ಲೆಯ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ದಲಿತರ ಮನೆಯ ಎರಡು ವರ್ಷದ ಕೂಸು ಹನುಮಪ್ಪನ ಗುಡಿಯೊಳಗೆ ಹೋಯಿತು. ಗುಡಿ ಶುದ್ಧ ಮಾಡಲು ಅವರಿಗೇ ದಂಡ ಹಾಕಲು ನೋಡಿದರು. ದಂಡ ಕೇಳಿದವರೂ ಆ ದೇವರಿಗೆ ಭಾಳ ನೇಮದಿಂದ ನಡಕೊಳ್ಳುವವರೇ ಇರಬೇಕು. ಅಕ್ಕನ ಮಗಳು ನಂಬಿಕೆ ಬೇಡ ಅನ್ನೋದಕ್ಕೆ ಇಂಥದ್ದೂ ಕಾರಣ. ಅವಳಿಗೆ ನಾನು ಏನಂತ ಉತ್ತರ ಕೊಡಲಿ? ಎಂಟು ವರ್ಷದ ನಾನು ಕೇರಿಯಲ್ಲಿ ಅಂಬಲಿ ಕುಡಿದೆ ಅಂತ ಹೆಮ್ಮೆಯಿಂದ ಬರೆದೆನಲ್ಲ, ಆರನೇ ದಿನ ಅದೇ ಮನೆಯ ಹುಡುಗ ನಮ್ಮ ಪಡಸಾಲೆಗೆ ಬರಲಿಲ್ಲ. ನಾವೂ ಕರೆಯಲಿಲ್ಲ.

ಕೊಪ್ಪಳದ ಗವಿಮಠದ ಬೆಟ್ಟ ಹತ್ತಿದಾಗಲೆಲ್ಲ ನನಗೆ ಸ್ವಲ್ಪ ಸಮಾಧಾನ ಆಗುತ್ತೆ. ಅಲ್ಲಿ ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಹತ್ತಿರದ ಪಾಲ್ಕಿಗುಂಡಿನಲ್ಲಿ ಇನ್ನೊಂದು. ರಾಯಚೂರು ಜಿಲ್ಲೆಯ ಮಸ್ಕಿಯದು ಇನ್ನೂ ಹೆಸರುವಾಸಿ, 1915ರಲ್ಲಿ ಸಿಕ್ಕ ಆ ಶಾಸನದಿಂದಲೇ 'ದೇವಾನಾಂಪ್ರಿಯ' ಅನ್ನೋ ರಾಜ ಅಶೋಕನೇ ಅಂತ ಖಾತ್ರಿಯಾಗಿದ್ದು. ಗವಿಮಠದ ಶಾಸನದಲ್ಲಿ ಒಂದು ಮಾತಿದೆ. ಇಷ್ಟು ದಿನ ಜನರ ಜೊತೆ ಬೆರೆಯದಿದ್ದ ದೇವರುಗಳು ಈಗ ಬೆರೆತಿದ್ದಾರೆ, ಇದು ದೊಡ್ಡವರಿಗೆ ಮಾತ್ರ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಗುತ್ತೆ ಅಂತ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನದು. ಆಮೇಲೆ ಈ ಊರು ಕೊಪಣ ಅಂತ ಜೈನರ ಮಹಾತೀರ್ಥವಾಯಿತು. ಉಪವಾಸ ಹಿಡಿದು ದೇಹ ಬಿಡಲು ಎಲ್ಲೆಲ್ಲಿಂದಲೋ ಈ ಬೆಟ್ಟಗಳಿಗೆ ಬರ್ತಿದ್ದರು. ಈಗ ಅದೇ ಬೆಟ್ಟದಲ್ಲಿ ಗವಿಸಿದ್ಧೇಶ್ವರ. ಬೌದ್ಧ ರಾಜನ ಮಾತು, ಜೈನರ ಬಂಡೆ, ಲಿಂಗಾಯತ ಮಠ, ಎಲ್ಲ ಒಂದು ಕಲ್ಲೆಸೆತದಲ್ಲಿ. ಆ ಜೈನ ಯಾತ್ರಿಕರ ಹತ್ತಿರ ಯಾರಾದರೂ ಹೋಗಿ, ಮುಂದೆ ಇಲ್ಲಿ ಜನವರಿಯಲ್ಲಿ ಲಕ್ಷಗಟ್ಟಲೆ ಜನ ಸೇರಿ ಮಿರ್ಚಿ ತಿಂತಾರೆ ಅಂದಿದ್ದರೆ ಏನನ್ನುತ್ತಿದ್ದರೋ.

ಗವಿಮಠದ ಜಾತ್ರೆಯ ದಾಸೋಹ ಗೊತ್ತಲ್ವಾ? ಲಕ್ಷಗಟ್ಟಲೆ ಜೋಳದ ರೊಟ್ಟಿ. ಅದನ್ನು ಮಠ ಮಾಡಿಸೋದಿಲ್ಲ. ಹಳ್ಳಿಹಳ್ಳಿಯ ಹೆಂಗಸರು ಮನೆಯಲ್ಲಿ ಬಡಿದು, ಒಣಗಿಸಿ, ಟ್ರ್ಯಾಕ್ಟರ್ ಮೇಲೆ ಹೇರಿ ಕಳಿಸ್ತಾರೆ. ಯಾವ ಜಾತಿಯವರ ಮನೆ ರೊಟ್ಟಿ ಯಾರ ತಾಟಿಗೆ ಬಿತ್ತು ಅಂತ ಹುಡುಕೋಕೆ ಆಗೋದಿಲ್ಲ. 2019ರಲ್ಲಿ ಅದೇ ಮಠದ ಅಜ್ಜಾರು, ಅಂದರೆ ಸ್ವಾಮಿಗಳು, ಜನರನ್ನು ಕಟ್ಟಿಕೊಂಡು ಹಿರೇಹಳ್ಳಕ್ಕೆ ಇಳಿದು ಜಾಲಿ, ಹೂಳು ತೆಗೆಸಿದರು. ಅವತ್ತು ಗುದ್ದಲಿ ಹಿಡಿದವರಲ್ಲಿ ನನ್ನ ಗೆಳೆಯನೂ ಇದ್ದ. ಅವನು ದೇವರನ್ನು ಬೈಯುತ್ತಲೇ ಮಣ್ಣು ಎತ್ತಿದ. ಧರ್ಮಕ್ಕೆ ಇಲ್ಲಿ ಮುಂದೆ ಏನಾದರೂ ದಾರಿ ಇದ್ದರೆ ಅದು ಇಂಥ ಕಡೆಯೇ ಇರಬೇಕು ಅಂತ ನನ್ನ ಅಂದಾಜು. ಕೈ ಕೊಡೋದು ಎಲ್ಲಿವರೆಗೆ ಇರುತ್ತೋ ಅಲ್ಲಿವರೆಗೆ. ಅಂದಾಜು ಅಷ್ಟೇ, ಬರ್ಗರ್ ಸಾಹೇಬರ ಗತಿ ನೋಡಿದ್ದೀನಿ.

ನಮ್ಮವ್ವ ಪ್ರತಿ ವರ್ಷ ಜಾತ್ರೆಗೆ ನೂರಾ ಒಂದು ರೊಟ್ಟಿ ಕೊಡೋದು ವಾಡಿಕೆ. ಹೋದ ಸಲ ಮೊಣಕಾಲು ಕೈಕೊಟ್ಟಿತು, ಒಲೆ ಮುಂದೆ ಕೂರಲು ಆಗಲಿಲ್ಲ. ನನ್ನ ಹೆಂಡತಿಗೆ ಶಾಲೆ, ಅಕ್ಕನಿಗೆ ಕೈನೋವು. ಅವ್ವ ಎರಡು ದಿನ ಮುಖ ಸಣ್ಣ ಮಾಡಿಕೊಂಡಿದ್ದಳು. ಬೆಂಗಳೂರಿನಿಂದ ಹುಡುಗಿ ಫೋನ್ ಮಾಡಿದಾಗ ವಿಷಯ ತಿಳಿಯಿತು. ಅವಳು ಅಲ್ಲಿಂದಲೇ ಕೊಪ್ಪಳದ ಒಂದು ರೊಟ್ಟಿ ಕೇಂದ್ರಕ್ಕೆ ಫೋನ್‌ಪೇ ಮಾಡಿ ನೂರು ರೊಟ್ಟಿ ತರಿಸಿಬಿಟ್ಟಳು.

ಅವ್ವ ಆ ಕಟ್ಟನ್ನು ಬಿಚ್ಚಿ ಒಂದನ್ನು ಮುರಿದು ನೋಡಿದಳು. ದಂಡೆ ಮುಟ್ಟಿದಳು. ಮೂಸಿದಳು. ಕೊಂಡ ರೊಟ್ಟಿ ದಾಸೋಹಕ್ಕೆ ನಡೆಯುತ್ತೋ ಇಲ್ಲವೋ ಅಂತ ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ ಗ್ಯಾಸ್ ಕಟ್ಟೆಯ ಹತ್ತಿರ ಸ್ಟೂಲ್ ಹಾಕಿಸಿಕೊಂಡು, ಹಿಟ್ಟು ನಾದಿ, ಒಂದು ರೊಟ್ಟಿ ತಾನೇ ಬಡಿದಳು. ಹಂಚಿನ ಮೇಲೆ ಹಾಕಿ, ನೀರು ಸವರಿ, ಎರಡೂ ಕಡೆ ಬೇಯಿಸಿ, ಆ ನೂರರ ನಡುವೆ ಎಲ್ಲೋ ಸೇರಿಸಿ ಕಟ್ಟಿದಳು. ಮುರಿದ ರೊಟ್ಟಿಯನ್ನೂ ಹಾಗೇ ಜೋಡಿಸಿ ಒಳಗಿಟ್ಟಳು.

ಮಠದಲ್ಲಿ ಇಸಿದುಕೊಂಡ ಹುಡುಗರು ಕಟ್ಟು ಬಿಚ್ಚಿ ದೊಡ್ಡ ರಾಶಿಯ ಮೇಲೆ ಸುರಿದರು. ನಾನು ಫೋಟೋ ತೆಗೆದು ಹುಡುಗಿಗೆ ಕಳಿಸಿದೆ. ಅವಳು ಕೂಡಲೇ ವಿಡಿಯೋ ಕಾಲ್ ಮಾಡಿದಳು. ಅವ್ವ ಫೋನನ್ನು ಕಿವಿಗೆ ಹಿಡಿದುಕೊಂಡೇ ಕೇಳಿದಳು, "ಒಂದಕ್ಕ ಎಷ್ಟ ಕೊಟ್ಟೆವಾ?"

"ಎಂಟು ರೂಪಾಯಿ ಅಮ್ಮಾ."

"ತುಟ್ಟಿ ಆತು."